ಶಸ್ತ್ರಚಿಕಿತ್ಸೆಯ ನಂತರದ ಎಚ್ಚರ

ಮಿದುಳಿನ ಬುಡದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದರಲ್ಲಿ ಗಂಟು ಬೆಳೆದು ಬೆಳವಣಿಗೆಯ ಹಾರ್ಮೋನು ಅಧಿಕವಾಗಿ ಸ್ರವಿಸತೊಡಗಿದರೆ ವಯಸ್ಕರ ಕೈಕಾಲು, ಮೂಗು, ದವಡೆಗಳು ಮೆಲ್ಲಮೆಲ್ಲನೆ ದಪ್ಪವಾಗುತ್ತವೆ. ಅಕ್ರೊಮೆಗಲಿ ಎಂಬ ಈ ರೋಗ ಅಪರೂಪದ್ದು. ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಮೂಗಿನ ಮೂಲಕವೇ ತೆಗೆಯುತ್ತಾರೆ.

ನಾವು ಹೇಳಹೊರಟಿರುವುದು ರೋಗಿಯು ಊರಿಗೆ ಮರಳಿದ ಮೇಲಿನ ಮಾತು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು, ಹೊನ್ನಾಳಿ-ನ್ಯಾಮತಿಗಳಲ್ಲಿ ಭತ್ತದ ನಾಟಿ, ಜಗಳೂರಿನಲ್ಲಿ ಬಿತ್ತನೆಯ ಹದ. “ಉಂಗುರ ಸಡಿಲವಾಯಿತು, ತಲೆನೋವು ಹೋಯಿತು, ಇನ್ನೇಕೆ ಬೆಂಗಳೂರು?” ಎಂಬ ಮಾತು ಮನೆಯಲ್ಲಿ ಹುಟ್ಟುವುದು ಸಹಜ. ರೋಗಿ ಮನೆಯ ಸೊಸೆಯಾಗಿದ್ದರಂತೂ ಅವಳೇ ಮೊದಲು ಬೇಡವೆಂದುಬಿಡುತ್ತಾಳೆ. ಆದರೆ ಉಂಗುರ ಸಾಕ್ಷಿಯಲ್ಲ. ಗಂಟಿನ ತುಣುಕು ಉಳಿದಿದ್ದರೂ ಬಾವು ಬೇಗ ಇಳಿಯುತ್ತದೆ. ಉಳಿದ ತುಣುಕು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಹೃದಯವನ್ನು ಕೆಡಿಸಬಲ್ಲುದು. ಹಾರ್ಮೋನು ಹತೋಟಿಯಲ್ಲಿದ್ದರೆ ಆಯುಷ್ಯವು ಹೆಚ್ಚುಕಡಿಮೆ ಎಲ್ಲರಂತೆಯೇ ಇರುತ್ತದೆ. ದಪ್ಪವಾದ ಮೂಳೆ ಮಾತ್ರ ಹಿಂದಿನಂತಾಗದು; ಅದಕ್ಕಾಗಿ ನಿರಾಶರಾಗಬೇಕಿಲ್ಲ.

ಶಸ್ತ್ರಚಿಕಿತ್ಸೆಯಾದ ಸುಮಾರು 3 ತಿಂಗಳಿಗೆ ಐಜಿಎಫ್-1 ಎಂಬ ರಕ್ತಪರೀಕ್ಷೆಯೂ ಎಂ.ಆರ್.ಐ. ಚಿತ್ರವೂ ಆಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಹಾರ್ಮೋನು ಇಳಿಯುವುದೇ ಎಂದು ನೋಡುವುದೂ ಉಂಟು. ಐಜಿಎಫ್-1ರ ಸಹಜ ಮಟ್ಟವು ವಯಸ್ಸಿಗೆ ತಕ್ಕಂತೆ ಬೇರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೂ ಅಂಕಿ ಬದಲಾಗುತ್ತದೆ. ಆದುದರಿಂದ ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸುವುದು ಲೇಸು. ಫಲಿತಾಂಶ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬಾರದು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇತರ ಹಾರ್ಮೋನುಗಳು ಹಲವು ವರ್ಷಗಳ ಬಳಿಕ ಕುಗ್ಗುವುದುಂಟು.

ಎಲ್ಲಕ್ಕಿಂತ ಮುಖ್ಯವಾದುದು ಕಾರ್ಟಿಸೋಲ್ ಕೊರತೆ. ಅದಕ್ಕಾಗಿ ಮಾತ್ರೆ ಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಕೂಡದು. ಜ್ವರ ಬಂದಾಗ ವೈದ್ಯರು ತಿಳಿಸಿದಂತೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ತಡಮಾಡಿದರೆ ಪ್ರಾಣಕ್ಕೇ ಅಪಾಯ. ಶಿವರಾತ್ರಿಯ ಉಪವಾಸ ಹಿಡಿಯುವ ಮುನ್ನ ವೈದ್ಯರನ್ನು ಕೇಳಿರಿ. ಔಷಧಿ ಸೇವಿಸಿದರೆ ವ್ರತ ಕೆಡುವುದೆಂದು ನಾವು ಒಪ್ಪುವುದಿಲ್ಲ.

ಸಕ್ಕರೆ, ರಕ್ತದೊತ್ತಡಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿಸಬಹುದು. ಗೊರಕೆ, ಹಗಲುನಿದ್ರೆ ಇದ್ದರೆ ತಿಳಿಸಿರಿ. ದೊಡ್ಡ ಕರುಳಿನ ಪರೀಕ್ಷೆಯ ಅಗತ್ಯವನ್ನೂ ವಿಚಾರಿಸಿರಿ. ವಾರ್ಷಿಕ ರಕ್ತದ ಮಾದರಿಯನ್ನು ದಾವಣಗೆರೆ ಅಥವಾ ಶಿವಮೊಗ್ಗದಲ್ಲಿಯೇ ಕೊಡಬಹುದೇ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿದರೆ ಪ್ರಯಾಣ ಉಳಿದೀತು. ಹಳೆಯ ಎಂ.ಆರ್.ಐ. ಚಿತ್ರಗಳನ್ನು ಮಾತ್ರ ಅಟ್ಟದ ಮೇಲೆ ಎಸೆಯದೆ ಒಂದೇ ಚೀಲದಲ್ಲಿ ಕಾಪಿಡಿರಿ. ಹೊಸದನ್ನು ಹೋಲಿಸಿ ನೋಡಲು ಅವು ಬೇಕೇ ಬೇಕು.