ಕಾಯಕದೊಳಗಿನ ಕಾಯ

ಕೋಲ್ಕತ್ತದ ದುರ್ಗಾಪೂಜೆಯನ್ನು 2021ರಲ್ಲಿ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಲ್ಲಿ ನೆಲೆಸಿದ ಕನ್ನಡಿಗರಾದ ನಾವೂ ಹಿಗ್ಗಿದೆವು. ಆದರೆ ಕುಮಾರ್‌ಟುಲಿಯ ಮೂರ್ತಿಕಾರರ ಸೊಂಟ, ಮೊಣಕಾಲು ಅಮೂರ್ತವಲ್ಲ. ಬಿದಿರು-ಹುಲ್ಲಿನ ಹಂದರಕ್ಕೆ ಮಣ್ಣು ಮೆತ್ತುವವನು ದೇವಿಯ ಪಾದ ತಿದ್ದಲು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಮೇಲ್ಭಾಗಕ್ಕೆ ಬಂದಾಗ ಭುಜದೆತ್ತರಕ್ಕೆ ತೋಳೆತ್ತಿ ನಿಲ್ಲುತ್ತಾನೆ. ಮಹಾಲಯ ಸಮೀಪಿಸಿದಂತೆ ರಾತ್ರಿಯೂ ಹಗಲಾಗುತ್ತದೆ. ಇದನ್ನು ‘ತಪಸ್ಸು’ ಎಂದು ಬಣ್ಣಿಸುವ ಲೇಖನಗಳು ನಮಗೆ ಅಸಹ್ಯ. ತಪಸ್ವಿ ಸ್ವೇಚ್ಛೆಯಿಂದ ದೇಹ ದಂಡಿಸುತ್ತಾನೆ, ಈತ ಗಡುವಿಗೆ ಅಂಜಿ. ‘ಕಾಯಕವೇ ಕೈಲಾಸ’ವೆಂದು ಅದಕ್ಕೆ ತಲೆದೂಗುವ ನಮ್ಮವರೂ ಆ ಪದದಲ್ಲೇ ಇರುವ ಕಾಯವನ್ನು ಮರೆಯುತ್ತಾರೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಪಟ್ಟಿ ಸ್ನಾಯು-ಮೂಳೆಗಳ ಬಾಧೆಯನ್ನು ವೃತ್ತಿಜನ್ಯ ರೋಗಗಳಲ್ಲೇ ಎಣಿಸಿದೆ. ಮಣ್ಣಿಗೆ ಕೂರಲೊಂದು ಮಣೆ, ಮೂರ್ತಿಗೊಂದು ತಿರುಗುವ ಪೀಠ, ನಡುನಡುವೆ ವಿಶ್ರಾಂತಿ: ಇವೇನೂ ದುಬಾರಿಯಲ್ಲ. ದುಬಾರಿಯಾದದ್ದು ಅವಸರ. 2025ರಲ್ಲಿ ರಾಜ್ಯ ಸರ್ಕಾರ ಒಂದೊಂದು ಪೂಜಾ ಸಮಿತಿಗೂ 1.10 ಲಕ್ಷ ರೂಪಾಯಿ ಅನುದಾನವಿತ್ತಿತು. ರಥಯಾತ್ರೆಯೊಳಗೆ ಮೂರ್ತಿಗೆ ಮುಂಗಡ ಕೊಟ್ಟ ಸಮಿತಿಗೆ ಮಾತ್ರ ಅನುದಾನವೆಂದು ಸರ್ಕಾರ ಏಕೆ ಹೇಳಬಾರದು? ಚಂದಾ ಕೇಳಲು ಬಾಗಿಲಿಗೆ ಬರುವ ಸಮಿತಿಯವರನ್ನು ನಾವು ಈ ವರ್ಷ ಮೊದಲು ಕೇಳಬೇಕಾದದ್ದು ಮುಂಗಡ ಕೊಟ್ಟ ತಾರೀಖನ್ನೇ.