ಸೀಟಿ ಉಂಟು, ಅಧಿಕಾರವಿಲ್ಲ

ಭಾನುವಾರ ಸಂಜೆ ಬೆಂಗಳೂರಿನ ಯಾವ ದೊಡ್ಡ ಸೂಪರ್‌ಮಾರ್ಕೆಟ್ಟಿನ ಬೇಸ್‌ಮೆಂಟಿಗೆ ಇಳಿದರೂ ದೂರುಗಳ ಪಟ್ಟಿ ಒಂದೇ. ಬಿಳಿ ಗೆರೆಯ ಮೇಲೆ ಕೂತು ಎರಡು ಗಾಡಿಯ ಜಾಗ ನುಂಗಿದ ಕಾರು. ‘ಐದೇ ನಿಮಿಷ’ ಎಂದು ನಾಲ್ಕೂ ಇಂಡಿಕೇಟರ್ ಮಿನುಗಿಸಿ ನಡುದಾರಿಯಲ್ಲೇ ಬಿಟ್ಟುಹೋದ ಗಾಡಿ. ಗಾಲಿಕುರ್ಚಿಯ ಚಿತ್ರವಿರುವ ಜಾಗದಲ್ಲಿ ಯಾರದೋ ಎಸ್‌ಯುವಿ. ಸಾಮಾನೆಲ್ಲ ಡಿಕ್ಕಿಗೆ ತುಂಬಿದ ಮೇಲೆ ಪಕ್ಕದವರ ಬಂಪರಿಗೆ ಒರಗಿಸಿ ಹೋದ ಟ್ರಾಲಿ. ಇದಕ್ಕೊಂದು ತೀರ್ಪೂ ನಮ್ಮಲ್ಲಿ ಸಿದ್ಧವಿದೆ: ಜನಕ್ಕೆ ಕಾರು ಬಂತು, ಸಂಸ್ಕಾರ ಬರಲಿಲ್ಲ. ಹೇಳಿದವರಿಗೆ ಸಮಾಧಾನ ಕೊಡುವ ತೀರ್ಪು ಇದು. ಹೇಳುವವರು ಯಾರೂ ಆ ‘ಜನ’ದೊಳಗೆ ತಮ್ಮನ್ನು ಸೇರಿಸಿಕೊಂಡಿರುವುದಿಲ್ಲ. ಆದರೆ ಇದೇ ಊರಿನ ಇದೇ ಜನ ನಮ್ಮ ಮೆಟ್ರೊ ಹತ್ತಿದಾಗ ಪ್ಲಾಟ್‌ಫಾರಂ ಮೇಲೆ ಉಗುಳುವುದಿಲ್ಲ, ಬೋಗಿಯಲ್ಲಿ ಕಡಲೆಕಾಯಿ ಸಿಪ್ಪೆ ಚೆಲ್ಲುವುದಿಲ್ಲ. ಮೆಟ್ರೊ ಏರುವ ಹೊತ್ತಿಗೆ ಬಂದ ಸಂಸ್ಕಾರ ಸೂಪರ್‌ಮಾರ್ಕೆಟ್ಟಿನ ಬೇಸ್‌ಮೆಂಟಿನಲ್ಲಿ ಕರಗಿಹೋಗುವುದು ಹೇಗೆ? ಮೆಟ್ರೊದಲ್ಲಿ ಸಮವಸ್ತ್ರ ತೊಟ್ಟ ಸಿಬ್ಬಂದಿಯ ಬೆನ್ನಿಗೆ 2002ರ ಮೆಟ್ರೊ ರೈಲು ಕಾಯ್ದೆಯಿದೆ. ಗಲಾಟೆ ಮಾಡಿದವರಿಗೆ ₹500ರವರೆಗೆ ದಂಡ ಬೀಳಬಹುದು, ಅವರನ್ನು ಕೆಳಗಿಳಿಸಲೂಬಹುದು. ದಂಡ ಬೀಳುವುದು ಅಪರೂಪ, ಆದರೆ ಹೇಳುವ ಹಕ್ಕು ಯಾರಿಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಬೇಸ್‌ಮೆಂಟಿನಲ್ಲಿ ಆ ಹಕ್ಕು ಯಾರ ಕೈಯಲ್ಲೂ ಇಲ್ಲ. ಪಾರ್ಕಿಂಗಿನ ಒರಟುತನದ ಬೇರು ಅಲ್ಲಿದೆ ಎಂಬುದು ಈ ಲೇಖನದ ವಾದ.

ಸುತ್ತಲಿನ ವ್ಯವಸ್ಥೆ ನಡತೆಯನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲೇ ನಡೆದ ಪ್ರಯೋಗವೊಂದಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ನಗರದ ಸಂಶೋಧಕರು ನಡೆಸಿದ ಇದರ ವಿವರ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಟ್ರಾಲಿಗಳನ್ನು ಅವುಗಳ ಜಾಗಕ್ಕೆ ಮರಳಿಸಿ ಎಂಬ ಸೂಚನೆ ಅಲ್ಲಿತ್ತು. ನಿಂತ ಕಾರುಗಳ ಗಾಜಿಗೆ ಸಂಶೋಧಕರು ಕರಪತ್ರ ಸಿಕ್ಕಿಸಿದರು. ಟ್ರಾಲಿಗಳು ಎಲ್ಲೂ ಬಿದ್ದಿರದಿದ್ದಾಗ ಆ ಕರಪತ್ರವನ್ನು ನೆಲಕ್ಕೆಸೆದವರು ಶೇ 30ರಷ್ಟು ಮಂದಿ. ನಾಲ್ಕೇ ನಾಲ್ಕು ಟ್ರಾಲಿಗಳನ್ನು ಅಲ್ಲಲ್ಲಿ ಬಿಟ್ಟಾಗ ಶೇ 58. ಊರು ಅದೇ, ಅಂಗಡಿ ಅದೇ. ಯಾರೋ ಒಬ್ಬರು ನಿಯಮ ಮುರಿದು ದಕ್ಕಿಸಿಕೊಂಡಿದ್ದಾರೆ ಎಂಬ ಗುರುತು ಕಂಡದ್ದೇ ಸಾಕಾಯಿತು, ಬೇರೆಯದೇ ನಿಯಮ ಮುರಿಯಲು ಉಳಿದವರ ಕೈಗೂ ಸಲೀಸಾಯಿತು. ಅಟ್ಲಾಂಟಾದ ಮಾಲ್ ಒಂದರ ಪಾರ್ಕಿಂಗಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮೋಜಿನದು. ಯಾರೂ ಕಾಯದಿದ್ದಾಗ ಜಾಗ ಬಿಟ್ಟು ಹೊರಡಲು ಚಾಲಕರು ಸರಾಸರಿ 32 ಸೆಕೆಂಡು ತೆಗೆದುಕೊಳ್ಳುತ್ತಿದ್ದರು. ಇನ್ನೊಂದು ಕಾರು ಕಾಯುತ್ತಿದ್ದರೆ ಅದು 39ಕ್ಕೆ ಏರಿತು. ಕಾಯುವವರು ಹಾರ್ನ್ ಹೊಡೆದರೆ 43ಕ್ಕೆ. ಹೊರಟವರಿಗೆ ಆ ಜಾಗದಿಂದ ಇನ್ನೇನೂ ಆಗಬೇಕಾಗಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ಇದನ್ನು ಓದಿದ ಮೇಲೆ ‘ನಮ್ಮವರೇ ಹೀಗೆ, ಹೊರದೇಶದಲ್ಲಿ ಹೀಗಿಲ್ಲ’ ಎಂಬ ಮಾತನ್ನು ಒಪ್ಪುವುದು ಕಷ್ಟ.

ನಮ್ಮವರು ಪಾರ್ಕಿಂಗಿನಲ್ಲಿ ಸೌಜನ್ಯವನ್ನೇ ಅರಿಯದವರು ಎಂಬುದೂ ಸುಳ್ಳು. ಜಾಗ ಸಾಲದ ಕಡೆ ಅಡ್ಡ ನಿಲ್ಲಿಸಿ, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯದೆ ಹೋಗುವ ಪದ್ಧತಿ ನಮ್ಮ ಊರುಗಳಲ್ಲಿ ತಾನಾಗಿ ಬೆಳೆದದ್ದು. ಒಳಗಿನ ಕಾರಿನವರು ಬಂದಾಗ ಇಬ್ಬರು ಸೇರಿ ಅಡ್ಡದ ಗಾಡಿಯನ್ನು ನಾಲ್ಕಡಿ ತಳ್ಳಿದರೆ ದಾರಿ. ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ ಈ ಒಪ್ಪಂದ ವರ್ಷಗಟ್ಟಲೆ ನಡೆಯಿತು, ಏಕೆಂದರೆ ಅದನ್ನು ಮುರಿದವರ ಗಾಡಿ ಕಣ್ಣಿಗೆ ಬೀಳುತ್ತಿತ್ತು, ಗುಂಪು ಸೇರಿದವರ ಬೈಗುಳ ಕಿವಿಗೂ ಬೀಳುತ್ತಿತ್ತು. ಈಗ ಅದು ಕುಸಿಯುತ್ತಿದೆ. ಆಟೊಮ್ಯಾಟಿಕ್ ಗೇರ್ ಮತ್ತು ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬ್ರೇಕಿನ ಕಾರುಗಳಲ್ಲಿ ಹಲವು ಎಂಜಿನ್ ಆರಿಸಿದೊಡನೆ ತಾವಾಗಿಯೇ ಬಿಗಿದುಕೊಳ್ಳುತ್ತವೆ. ಎಂಟು ಜನ ತಳ್ಳಿದರೂ ಕದಲುವುದಿಲ್ಲ. ಮಾಲೀಕರು ಒರಟಾಗಿದ್ದಲ್ಲ, ಯಂತ್ರ ಬದಲಾಯಿತು. ಗಾತ್ರವೂ ಹಾಗೆಯೇ. ನಮ್ಮಲ್ಲಿ ಕಾರಿನ ಜಾಗಕ್ಕೆ ಹಾಕುವ ಸಾಮಾನ್ಯ ಲೆಕ್ಕ 2.5 ಮೀಟರ್ ಅಗಲ. ಮಾರುತಿ 800ರ ಅಗಲ 1.44 ಮೀಟರ್, ಎರಡು ಮಾರುತಿಗಳು ಅಕ್ಕಪಕ್ಕ ನೆಟ್ಟಗೆ ನಿಂತರೆ ನಡುವೆ ಒಂದು ಮೀಟರಿಗಿಂತ ಹೆಚ್ಚು ಖಾಲಿ. ಇತ್ತೀಚಿನ ಎಕ್ಸ್‌ಯುವಿ 700ರ ಅಗಲ 1.89 ಮೀಟರ್. ಅಂಥವೆರಡು ನಿಂತರೆ ಉಳಿಯುವುದು 61 ಸೆಂಟಿಮೀಟರ್, ಅದರಲ್ಲಿ ಕನ್ನಡಿಗಳ ಪಾಲೂ ಸೇರಿದೆ. ಒಬ್ಬರು ಒಂದು ಗೇಣು ವಾಲಿಸಿ ನಿಲ್ಲಿಸಿದರೆ ಪಕ್ಕದವರ ಬಾಗಿಲೇ ತೆರೆಯದು. ಮೊದಲು ಗಮನಕ್ಕೂ ಬಾರದಿದ್ದ ಅಜಾಗರೂಕತೆಗೆ ಈಗ ಇನ್ನೊಬ್ಬರು ಬೆಲೆ ತೆರಬೇಕು. ಹೀಗೆ ಬೆಲೆ ಏರಿದಾಗ ಬರಿಯ ಪರಸ್ಪರ ಮರ್ಯಾದೆ ಸಾಲದು, ತಿದ್ದುವವರೊಬ್ಬರು ಬೇಕಾಗುತ್ತಾರೆ.

ಆ ಕೆಲಸಕ್ಕೆಂದು ಅಂಗಡಿ ನಿಲ್ಲಿಸಿರುವುದು ಒಬ್ಬ ಸೆಕ್ಯುರಿಟಿ ಗಾರ್ಡನ್ನು. ಅವರ ಕೈಯಲ್ಲಿರುವುದು ಒಂದು ಸೀಟಿ. ಸಾಮಾನ್ಯವಾಗಿ ಅವರು ಅಂಗಡಿಯ ನೌಕರರೂ ಅಲ್ಲ. ಏಜೆನ್ಸಿಯಿಂದ ಗುತ್ತಿಗೆಗೆ ಬಂದವರು, ದೂರೊಂದು ಬಂದರೆ ನಾಳೆ ಇನ್ನೊಂದು ಗೇಟಿಗೆ ಹೋಗಬೇಕಾದವರು. ‘ಸಾರ್, ಸ್ವಲ್ಪ ಆ ಕಡೆಗೆ ಹಾಕ್ತೀರಾ?’ ಎಂದರೆ ಬರುವ ಉತ್ತರ ‘ನೀನ್ಯಾರೋ ಕೇಳೋಕೆ? ಮ್ಯಾನೇಜರ್‌ನ ಕರಿ’. ಮ್ಯಾನೇಜರ್ ಬಂದರೆ ಕ್ಷಮೆ ಕೇಳುವುದು ಗ್ರಾಹಕರನ್ನು, ಗದರುವುದು ಗಾರ್ಡನ್ನು. ಇದನ್ನು ನಾಲ್ಕು ಸಲ ಅನುಭವಿಸಿದ ಮೇಲೆ ಯಾವ ಗಾರ್ಡೂ ಐದನೆಯ ಕಾರಿನ ಗಾಜು ತಟ್ಟುವುದಿಲ್ಲ. ಬದಲಿಗೆ ದೊಡ್ಡ ಗಾಡಿ ಕಂಡರೆ ಸಲಾಂ ಹೊಡೆದು, ಲಿಫ್ಟಿನ ಹತ್ತಿರದ ಮೀಸಲು ಜಾಗದ ಕೋನ್ ಪಕ್ಕಕ್ಕಿಟ್ಟು, ಸಿಕ್ಕಿದ ಇಪ್ಪತ್ತು ರೂಪಾಯಿ ಜೇಬಿಗಿಳಿಸುವುದೇ ಜಾಣತನ. ಅವರನ್ನು ದೂರಿ ಫಲವಿಲ್ಲ. ಗಮನಿಸಬೇಕಾದ್ದು, ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಅದೇ ಅಂಗಡಿ ಎಷ್ಟು ಗಟ್ಟಿಗ ಎಂಬುದನ್ನು. ಒಳಬರುವಾಗ ನಿಮ್ಮ ಚೀಲಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಹೊರಹೋಗುವಾಗ ಬಿಲ್ಲಿಗೂ ಟ್ರಾಲಿಗೂ ತಾಳೆ ನೋಡಿ ಮುದ್ರೆ ಒತ್ತುತ್ತಾರೆ. ಪ್ರತಿ ಸಾಲಿನ ಮೇಲೂ ಕ್ಯಾಮೆರಾ. ಫಾರ್ಚೂನರ್‌ನಲ್ಲಿ ಬಂದವರೂ ಕೈಕಟ್ಟಿ ಬಿಲ್ ತೋರಿಸುತ್ತಾರೆ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಗ್ರಾಹಕರನ್ನು ತಡೆದು ನಿಲ್ಲಿಸುವುದು ಹೇಗೆಂದು ಅಂಗಡಿಗೆ ಚೆನ್ನಾಗಿಯೇ ಗೊತ್ತು. ಒಂದು ಸಾಬೂನು ಕಳುವಾದರೆ ನಷ್ಟ ತನ್ನದು, ಪಾರ್ಕಿಂಗಿನಲ್ಲಿ ಒಬ್ಬರ ಬಾಗಿಲು ತೆರೆಯದಿದ್ದರೆ ನಷ್ಟ ಇನ್ನಾರದೋ. ಗಾರ್ಡಿಗೆ ಅಧಿಕಾರ ಸಿಗದಿರುವುದಕ್ಕೆ ಇದಕ್ಕಿಂತ ಗೂಢವಾದ ಕಾರಣ ಹುಡುಕಬೇಕಾಗಿಲ್ಲ.

ಕಾನೂನು ಈ ಖಾಲಿಯನ್ನು ತುಂಬಬಹುದಿತ್ತು, ತುಂಬಿಲ್ಲ. ಅಪಾಯವಾಗುವಂತೆ, ಅಡ್ಡಿಯಾಗುವಂತೆ ವಾಹನ ಬಿಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ತಡೆಯುತ್ತದೆ, ಆದರೆ ‘ಸಾರ್ವಜನಿಕ ಸ್ಥಳ’ದಲ್ಲಿ ಮಾತ್ರ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ ಎಂಬುದು ಆ ಮಾತಿಗೆ ಕಾಯ್ದೆ ಕೊಡುವ ವಿವರಣೆ. ಕರೆದವರೆಲ್ಲ ಬರಬಹುದಾದ ಸೂಪರ್‌ಮಾರ್ಕೆಟ್ಟಿನ ಬೇಸ್‌ಮೆಂಟ್ ಅದರೊಳಗೆ ಬರುತ್ತದೆಯೋ ಇಲ್ಲವೋ ಎಂದು ವಕೀಲರು ದಿನಗಟ್ಟಲೆ ವಾದಿಸಬಹುದು. ಸಂಚಾರ ಪೊಲೀಸರು ಮಾತ್ರ ಗೇಟಿನಲ್ಲೇ ನಿಲ್ಲುತ್ತಾರೆ. ಇನ್ನು ಅಂಗಡಿ ಶುಲ್ಕ ಕೀಳುವಾಗ ಜಾಗ ತನ್ನದೆನ್ನುತ್ತದೆ, ಗೀರು ಬಿದ್ದಾಗ ‘ವಾಹನ ನಿಲುಗಡೆ ಮಾಲೀಕರ ಸ್ವಂತ ಜವಾಬ್ದಾರಿ’ ಎಂಬ ಫಲಕ ತೋರಿಸುತ್ತದೆ. ಆ ಫಲಕಕ್ಕೂ ಮಿತಿಯಿದೆ. ಕೀಲಿ ಪಡೆದು ಟೋಕನ್ ಕೊಟ್ಟ ಹೋಟೆಲಿನ ವಶದಿಂದ ಕಾರು ಕಳುವಾದ ಪ್ರಕರಣದಲ್ಲಿ, ನಿರ್ಲಕ್ಷ್ಯವಿದ್ದರೆ ಅಂಥ ಬರಹ ತೋರಿಸಿ ಕೈತೊಳೆದುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಕೀಲಿ ನಮ್ಮ ಜೇಬಿನಲ್ಲೇ ಇರುವ ಪಾರ್ಕಿಂಗಿಗೆ ಆ ತೀರ್ಪು ನೇರವಾಗಿ ಅನ್ವಯಿಸದು. ಫಲಕ ಬರೆದುಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯದು ಎಂಬಷ್ಟನ್ನಾದರೂ ಅದರಿಂದ ಪಡೆಯಬಹುದು.

ಅಂಗವಿಕಲರ ಜಾಗದ ವಿಷಯದಲ್ಲಿ ಮಾತ್ರ ಕಾನೂನು ಸಾಕಷ್ಟು ಸ್ಪಷ್ಟ, ಅದಕ್ಕೇ ಅಲ್ಲಿನ ಸೋಲು ಹೆಚ್ಚು ಚುಚ್ಚುತ್ತದೆ. ಕೇಂದ್ರದ ಮಾರ್ಗಸೂಚಿಗಳ ಪ್ರಕಾರ ಈ ಜಾಗದ ಅಗಲ 3.6 ಮೀಟರ್ ಇರಬೇಕು, ಪ್ರವೇಶದ್ವಾರದಿಂದ 30 ಮೀಟರಿನೊಳಗೆ ಇರಬೇಕು. ಹೆಚ್ಚಿನ ಅಗಲ ಗಾಲಿಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ತರಲು. ಅದಿಲ್ಲದಿದ್ದರೆ ಬಂದವರು ಕಾರಿನಲ್ಲೇ ಕೂತಿರಬೇಕು ಅಥವಾ ಮನೆಗೆ ಮರಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮೊದಲ ಉಲ್ಲಂಘನೆಗೆ ₹10 ಸಾವಿರದವರೆಗೆ, ಮತ್ತೆ ಮಾಡಿದರೆ ₹50 ಸಾವಿರದಿಂದ ₹5 ಲಕ್ಷದವರೆಗೆ ದಂಡ ಹೇಳುತ್ತದೆ. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿದಿವೆ, ಅವನ್ನು ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಆದೇಶಿಸಿತು. ಇಷ್ಟಾದರೂ ನಮ್ಮ ಬೇಸ್‌ಮೆಂಟುಗಳಲ್ಲಿ ಆ ನೀಲಿ ಚಿತ್ರ ಖಾಲಿ ಬಿಟ್ಟಿರುವ ವಿಐಪಿ ಜಾಗದಂತೆ ಬಳಕೆಯಾಗುತ್ತಿದೆ. ಇಲ್ಲೊಂದು ಎಚ್ಚರವೂ ಬೇಕು: ಎಲ್ಲ ವೈಕಲ್ಯವೂ ಕಣ್ಣಿಗೆ ಕಾಣುವುದಿಲ್ಲ. ನಡೆದುಕೊಂಡೇ ಇಳಿದವರನ್ನು ನೋಡಿ ಮೊಬೈಲ್ ಎತ್ತಿ ವಿಡಿಯೊ ಮಾಡುವ ಬೀದಿನ್ಯಾಯ ಪರಿಹಾರವಲ್ಲ. ಗಾಜಿನ ಹಿಂದೆ ಇಡುವ ಒಂದು ಗುರುತುಚೀಟಿ, ಅದನ್ನು ಕೇಳಲು ಅಧಿಕಾರವಿರುವ ಒಬ್ಬ ವ್ಯಕ್ತಿ ಇದ್ದರೆ ಆಯಿತು.

ಒಪ್ಪದವರ ಮೊದಲ ಮಾತು ಜಾಗದ್ದು. ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಜಾಗವೇ ಇಲ್ಲದ ಕಡೆ ಶಿಸ್ತಿನ ಪಾಠವೇಕೆ ಎಂಬುದು ಅವರ ಪ್ರಶ್ನೆ. ಆದರೆ ಜಾಗ ಕಡಿಮೆಯಿದ್ದಷ್ಟೂ ಅದನ್ನು ಹಂಚುವ ನಿಯಮಕ್ಕೆ ಬೆಲೆ ಹೆಚ್ಚು. ನೂರು ಗಾಡಿಯ ಜಾಗದಲ್ಲಿ ಹತ್ತು ಮಂದಿ ಗೆರೆ ತುಳಿದು ನಿಲ್ಲಿಸಿದರೆ ತೊಂಬತ್ತೇ ಗಾಡಿ ನಿಲ್ಲುತ್ತವೆ. ಮಾಲ್‌ಗಳು ಪಾರ್ಕಿಂಗ್ ಶುಲ್ಕ ಪಡೆಯುವಂತಿಲ್ಲ ಎಂದು ಗುಜರಾತ್ ಹೈಕೋರ್ಟ್ 2019ರಲ್ಲಿ ಹೇಳಿದಾಗ ಗ್ರಾಹಕರು ಹಿಗ್ಗಿದ್ದು ಸಹಜ. ಕಟ್ಟಡದ ಪರವಾನಗಿಯ ಷರತ್ತಿನಂತೆ ಬಿಟ್ಟ ಜಾಗಕ್ಕೆ ಮತ್ತೆ ಹಣ ಏಕೆ ಎಂಬ ವಾದದಲ್ಲಿ ಹುರುಳೂ ಇದೆ. ಆದರೆ ಪೂರ್ತಿ ಪುಕ್ಕಟೆ ಜಾಗಕ್ಕೆ ಅಂಗಡಿಗೆ ಬರುವವರಿಗಿಂತ ಮೊದಲು ಸುತ್ತಲಿನ ಕಚೇರಿಯವರೂ ಮೆಟ್ರೊ ಹಿಡಿಯುವವರೂ ಬಂದು, ಬೆಳಿಗ್ಗೆ ಬಿಟ್ಟ ಗಾಡಿಯನ್ನು ಸಂಜೆ ಒಯ್ಯುತ್ತಾರೆ. ತೆಲಂಗಾಣ 2018ರಲ್ಲಿ ಹಿಡಿದ ನಡುದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ: ಮೊದಲ ಅರ್ಧ ಗಂಟೆ ಎಲ್ಲರಿಗೂ ಉಚಿತ, ಒಂದು ಗಂಟೆಯವರೆಗೆ ಖರೀದಿಯ ಬಿಲ್ ತೋರಿಸಿದವರಿಗೆ ಉಚಿತ, ಆಮೇಲೆ ಬಿಲ್ಲಿನ ಮೊತ್ತ ಶುಲ್ಕಕ್ಕಿಂತ ಹೆಚ್ಚಿದ್ದವರಿಗೆ ಉಚಿತ. ಇದಕ್ಕೊಂದು ಸಾಲು ನಾನು ಸೇರಿಸುವೆ: ಎರಡು ಜಾಗ ಹಿಡಿದವರಿಗೆ ಎರಡು ಟಿಕೆಟ್.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಅಧಿಕಾರ ಕೊಟ್ಟರೆ ಕಿರುಕುಳ ಶುರುವಾಗುತ್ತದೆ ಎನ್ನುವವರಿಗೆ ಬೆಂಗಳೂರಿನ ಟೋಯಿಂಗ್ ನೆನಪಿದೆ. ಗಾಡಿ ಎತ್ತಿಕೊಂಡು ಹೋಗುತ್ತಿದ್ದ ರೀತಿಗೆ ಜನ ರೊಚ್ಚಿಗೆದ್ದು 2022ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಬೇಕಾಯಿತು. ಬ್ರಿಟನ್ನಿನ ಅನುಭವ ಇದಕ್ಕಿಂತ ದೀರ್ಘ. ಅಲ್ಲಿ ಅಂಗಡಿಗಳ ಪಾರ್ಕಿಂಗನ್ನು ಖಾಸಗಿ ಕಂಪನಿಗಳಿಗೆ ವಹಿಸಿದಾಗ ಚಕ್ರಕ್ಕೆ ಬೀಗ ಜಡಿದು ಹಣ ಕೀಳುವ ದಂಧೆಯೇ ಬೆಳೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದ ಆ ಬೀಗ ಪದ್ಧತಿಯನ್ನು 2012ರಲ್ಲಿ ನಿಷೇಧಿಸಲಾಯಿತು. ಆದರೆ ನಿಷೇಧಿಸಿದ್ದು ಬೀಗವನ್ನು, ನಿಯಮವನ್ನಲ್ಲ. ಚೆಮ್ಸ್‌ಫರ್ಡ್‌ನ ಅಂಗಡಿ ಸಮುಚ್ಚಯವೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ಹೆಚ್ಚು ನಿಂತ ಕಾರಿಗೆ ಹಾಕಿದ 85 ಪೌಂಡ್ ಶುಲ್ಕವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಜಾಗವನ್ನು ಎಲ್ಲರಿಗೂ ಒದಗಿಸುವ ನ್ಯಾಯವಾದ ಉದ್ದೇಶ ಅದಕ್ಕಿದೆ, ಫಲಕಗಳೂ ಕಣ್ಣಿಗೆ ಕಾಣುವಂತಿದ್ದವು ಎಂಬುದು ಕಾರಣ. ಅಲ್ಲಿ ದೂರುಗಳು ಇನ್ನೂ ನಿಂತಿಲ್ಲ ಎಂಬುದೂ ನಿಜ. ನಮಗೆ ಬೇಕಾದ ಪಾಠ ಇಷ್ಟು: ಗಾಡಿ ಮುಟ್ಟುವ ಅಧಿಕಾರ ಯಾರಿಗೂ ಬೇಡ, ದಂಡದ ದುಡ್ಡಿನಲ್ಲಿ ಗುತ್ತಿಗೆದಾರರಿಗೆ ಪಾಲಂತೂ ಬೇಡವೇ ಬೇಡ.

ಹಾಗಾದರೆ ಅಂಗಡಿ ಮಾಡಬಹುದಾದದ್ದೇನು? ಪ್ರತಿಯೊಂದು ಸೂಪರ್‌ಮಾರ್ಕೆಟ್ಟಿನಲ್ಲೂ ಧ್ವನಿವರ್ಧಕವಿದೆ, ಬಿಲ್ ಕೌಂಟರಿದೆ. ಅಡ್ಡ ನಿಂತ ಗಾಡಿಯ ನಂಬರನ್ನು ಎರಡು ಸಲ ಕೂಗಿ, ಗಾಡಿ ತೆಗೆಯುವವರೆಗೆ ಬಿಲ್ ಹಾಕುವುದಿಲ್ಲ ಎಂದರೆ ಪೊಲೀಸರೇ ಬೇಡ. ‘ಗ್ರಾಹಕ ದೇವರು’ ಎನ್ನುವ ಮಾಲೀಕರು ನೆನಪಿಡಬೇಕಾದ್ದು, ಆ ಗಾಡಿಯ ಹಿಂದೆ ಸಿಕ್ಕಿಕೊಂಡವರೂ ಐಸ್‌ಕ್ರೀಂ ಕೊಂಡು ಬಂದ ದೇವರುಗಳೇ. ಇದನ್ನು ಅಂಗಡಿಯ ಮರ್ಜಿಗೆ ಬಿಡಬೇಕಾಗಿಲ್ಲ. ಉದ್ದಿಮೆ ಪರವಾನಗಿ ಅವಧಿ ಮುಗಿದಾಗ ನವೀಕರಣವಾಗಬೇಕು. ಪಾರ್ಕಿಂಗಿಗೆ ಅಂಗಡಿಯ ಸ್ವಂತ ನೌಕರರೊಬ್ಬರು ಹೊಣೆ, ಅವರ ಹೆಸರು ಫಲಕದಲ್ಲಿ, ಮೀಸಲು ಜಾಗ ಖಾಲಿ ಇಡದಿದ್ದರೆ ನೋಟಿಸು ಅಂಗಡಿಗೆ ಎಂದು ಷರತ್ತು ಹಾಕಲು ಪಾಲಿಕೆಗೆ ತಡೆಯೇನು? ಬಡಾವಣೆಯ ಸಣ್ಣ ಅಂಗಡಿಗಳಿಗೆ ಇದು ಹೊರೆ ಎಂಬ ಮಾತು ಬರುತ್ತದೆ. ಸ್ವಂತ ಪಾರ್ಕಿಂಗ್ ಇಲ್ಲದವರಿಗೆ ಈ ಷರತ್ತೇ ತಗಲುವುದಿಲ್ಲ. ಅವರ ಮುಂದಿನದು ರಸ್ತೆ, ಅಲ್ಲಿ ಪೊಲೀಸರ ಅಧಿಕಾರದ ಬಗ್ಗೆ ಗೊಂದಲವಿಲ್ಲ. ತೊಂದರೆಯಾಗುವುದು ನಕ್ಷೆಯಲ್ಲಿ ನಲವತ್ತು ಕಾರಿನ ಬೇಸ್‌ಮೆಂಟ್ ತೋರಿಸಿ, ಅದರ ಅರ್ಧದಲ್ಲಿ ಅಕ್ಕಿಮೂಟೆ ಪೇರಿಸಿ, ಇನ್ನು ಕಾಲುಭಾಗವನ್ನು ಮೊಮೊ ಅಂಗಡಿಗೂ ಕ್ರೆಡಿಟ್ ಕಾರ್ಡ್ ಮಾರುವವರಿಗೂ ಬಾಡಿಗೆ ಕೊಟ್ಟವರಿಗೆ. ನವೀಕರಣದ ಅರ್ಜಿ ಬಂದಾಗ ಪಾಲಿಕೆಯ ಅಧಿಕಾರಿ ಮಂಜೂರಾದ ನಕ್ಷೆ ಹಿಡಿದು ಒಮ್ಮೆ ಆ ಇಳಿಜಾರು ಇಳಿದು ಎಣಿಸಿದರೆ ಸಾಕು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.