ಸಕ್ಕರೆ ಬಿಟ್ಟರಷ್ಟೇ ಸಾಲದು

ಮಧುಮೇಹವು ಸಿಹಿ ತಿನ್ನುವವರ ರೋಗ, ಸಕ್ಕರೆಯನ್ನು ಬಿಟ್ಟರೆ ರೋಗವೂ ಬಿಟ್ಟುಹೋಗುವುದು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಹಾಗೆಯೇ ನಂಬಿದ್ದೆನು. ಚಹಕ್ಕೆ ಸಕ್ಕರೆ ಬೇಡವೆನ್ನುತ್ತ, ಮಧ್ಯಾಹ್ನ ಮಾತ್ರ ಎರಡೆರಡು ಬಾರಿ ಅನ್ನ ಬಡಿಸಿಕೊಂಡು, ಪಥ್ಯ ಮಾಡುತ್ತಿರುವೆನೆಂಬ ಸಮಾಧಾನದಲ್ಲಿ ಎರಡು ವರ್ಷ ಕಳೆದೆನು.

ಅನ್ನವಾಗಲಿ ರೊಟ್ಟಿಯಾಗಲಿ ಜೀರ್ಣವಾದ ಮೇಲೆ ಗ್ಲೂಕೋಸ್ ಆಗಿಯೇ ರಕ್ತವನ್ನು ಸೇರುತ್ತದೆ. ಜೀವಕೋಶಗಳು ಅದನ್ನು ಬಳಸಿಕೊಳ್ಳಲು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಬೇಕು. ಎರಡನೆಯ ಬಗೆಯ ಮಧುಮೇಹದ ಆರಂಭದಲ್ಲಿ ಇನ್ಸುಲಿನ್ ಇಲ್ಲವೆಂದಲ್ಲ. ಸ್ನಾಯು ಮತ್ತು ಯಕೃತ್ತು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಗ್ರಂಥಿಯು ಅತಿಯಾಗಿ ದುಡಿದು ಕ್ರಮೇಣ ದಣಿಯುತ್ತದೆ. ವಂಶಗುಣ, ಹೊಟ್ಟೆಯ ಬೊಜ್ಜು, ಕುಳಿತೇ ಕಳೆಯುವ ದಿನಚರಿ ಇವೆಲ್ಲ ಅದಕ್ಕೆ ಕಾರಣಗಳು. ರಾಗಿಯ ಅಭಿಮಾನಿಗಳು ಮುನಿಯಬಾರದು: ಮುದ್ದೆಯಲ್ಲಿ ನಾರು ಹೆಚ್ಚೆಂಬುದು ನಿಜ, ಆದರೆ ಅದರ ಪಿಷ್ಟವೇನೂ ಅಲ್ಪವಲ್ಲ. ಧಾನ್ಯ ಯಾವುದೆಂಬುದರಷ್ಟೇ ಪ್ರಮಾಣವೂ ಮುಖ್ಯ.

ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗದ ಅಂಚಿನಲ್ಲಿದ್ದವರು ಊಟವನ್ನೂ ನಡಿಗೆಯನ್ನೂ ತಿದ್ದಿಕೊಂಡುದರಿಂದ ಮೂರು ವರ್ಷಗಳಲ್ಲಿ ಮಧುಮೇಹಿಗಳಾಗುವ ಸಂಭವವು ಸುಮಾರು ಶೇಕಡಾ 28ರಷ್ಟು ತಗ್ಗಿತು.

ಆದರೆ ರೋಗ ನೆಲೆಸಿದ ಮೇಲೆ ಔಷಧವನ್ನು ಹೀಗಳೆಯುವುದು ಅಪಾಯ. ನನ್ನ ಸಹೋದ್ಯೋಗಿ ಮಿತ್ರರೊಬ್ಬರು, ಮೈ ಹಗುರವಾಯಿತೆಂದು ಮಾತ್ರೆಗಳನ್ನು ನಿಲ್ಲಿಸಿ ಕಷಾಯವನ್ನೇ ನಂಬಿದರು. ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿದ್ದುದರಿಂದ ಚಪ್ಪಲಿ ಕಚ್ಚಿದ ಗಾಯ ಅವರಿಗೆ ತಿಳಿಯಲಿಲ್ಲ. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಎರಡು ಬೆರಳುಗಳನ್ನು ತೆಗೆಯದೆ ಗತ್ಯಂತರವಿರಲಿಲ್ಲ. ಮೆಟ್‌ಫಾರ್ಮಿನ್ ದುಬಾರಿ ಮಾತ್ರೆಯೇನಲ್ಲ, 1957ರಿಂದ ಬಳಕೆಯಲ್ಲಿದೆ. ಸಕ್ಕರೆಯ ಮಟ್ಟವನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿ ತಗ್ಗುವುದೆಂದು ಬ್ರಿಟನ್ನಿನ ದೀರ್ಘ ಅಧ್ಯಯನವು 1998ರಲ್ಲಿಯೇ ತೋರಿಸಿದೆ. ಮಿತ್ರರಿಗೆ ಇದನ್ನು ಹೇಳುವವರು ಬೇಕಾಗಿತ್ತು. ನಾನೇ ಹೇಳಬಹುದಿತ್ತು, ನನಗೂ ಅದೇ ರೋಗವಿರುವುದು ಬಯಲಾದೀತೆಂಬ ಸಂಕೋಚದಿಂದ ಸುಮ್ಮನಿದ್ದೆನು.

ಈ ಸಂಕೋಚಕ್ಕೆ ಅರ್ಥವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದ ಸುಮಾರು ಹತ್ತು ಕೋಟಿ ಜನರಿಗೆ ಮಧುಮೇಹವಿದೆ. ಬರಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ರೋಗವಿದೆಯೆಂದು ತಿಳಿಯಬೇಕು. ಆರಂಭದಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ನಮ್ಮ ಪಂಕ್ತಿಯಲ್ಲಿ ಬೇಡವೆಂದವರಿಗೆ ಇನ್ನೊಂದು ಸೌಟು ಹಾಕುವುದೇ ಆದರ. ಎಲೆಯಲ್ಲಿ ಬಿಡಬಾರದೆಂಬ ಕಟ್ಟುನಿಟ್ಟು ಬೇರೆ. ನಿಯಮವು ಒಳ್ಳೆಯದೇ. ಆದ್ದರಿಂದಲೇ ಕೈ ಅಡ್ಡ ಹಿಡಿದವರ ಮಾತನ್ನು ಬಡಿಸುವವರು ಮನ್ನಿಸಬೇಕು. ಕಟ್ಟಡಗಳಿಗೆ ಕೊಡುಗೈಯಾಗಿರುವ ದಾನಿಗಳಲ್ಲಿ ಒಂದು ಬಿನ್ನಹ: ವರ್ಷಕ್ಕೊಮ್ಮೆ ಅಧ್ಯಾಪಕರಿಗೂ ಅಡುಗೆಯವರಿಗೂ ರಕ್ತ, ಕಣ್ಣು, ಪಾದಗಳ ಪರೀಕ್ಷೆಗೆ ನೆರವಾಗಬೇಕು. ಮುಂದಿನ ವಾರ್ಷಿಕೋತ್ಸವದ ಬೆಳಿಗ್ಗೆ, ಉಪಾಹಾರಕ್ಕೆ ಮೊದಲು, ಅಂಗಳದಲ್ಲಿ ಮೇಜು ಹಾಕಿಸಿದರೆ ಮೊದಲು ಬೆರಳು ಚಾಚಲು ನಾನು ಸಿದ್ಧನಿದ್ದೇನೆ. ನನ್ನ ಅಂಕಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರೂ ಅಡ್ಡಿಯಿಲ್ಲ.